ಹಾಫ್ ಟೈಮಿನ ಸನ್ಮಾನ

ನಮ್ಮ ಕಡೆ ಸನ್ಮಾನ ಎನ್ನುವುದು ಯಾರಿಗೂ ತಪ್ಪಿದ್ದಲ್ಲ. ನಿವೃತ್ತರಾದವರಿಗೆ ಮಾಡುತ್ತೇವೆ, ವರ್ಗವಾದವರಿಗೆ ಮಾಡುತ್ತೇವೆ, ವರ್ಗ ರದ್ದಾಗಿ ಇಲ್ಲೇ ಉಳಿದವರಿಗೂ ಮಾಡುತ್ತೇವೆ. ಶಾಲು, ಹಾರ, ಹಣ್ಣಿನ ತಟ್ಟೆ, ಮೇಲೆ ನಾಲ್ಕು ಮಂದಿಯ ಭಾಷಣ. ಜಹೀರಾಬಾದಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿ ನಾನು ಊದಿದ ಸೀಟಿಗಿಂತ ಹಿಡಿದ ತಟ್ಟೆಯೇ ಹೆಚ್ಚು. ಗಂಡಸರು ಶಾಲು ಹೊದಿಸಬೇಕು, ಹೆಂಗಸರು ತಟ್ಟೆ ಹಿಡಿದು ನಿಲ್ಲಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ಆದರೆ ತಾಂಡೂರಿನಲ್ಲಿ ಒಂದು ಮಧ್ಯಾಹ್ನ ಹಿಡಿದ ತಟ್ಟೆಯ ಬಗ್ಗೆ ಮಾತ್ರ ನನಗೆ ಇವತ್ತಿಗೂ ಸಂತೋಷವಿದೆ.

ಅದನ್ನು ಹೇಳಬೇಕಾದರೆ ಮೊದಲು ಆತನ ವಿಷಯ ಹೇಳಬೇಕು. ಆತ ಘಾನಾ ದೇಶದವನು, ಫುಟ್‌ಬಾಲ್ ಆಟಗಾರ. ಕಬ್ಬಿನ ಲಾರಿಗಳು ಹೆದ್ದಾರಿಯುದ್ದಕ್ಕೂ ಸಾಲು ಹಚ್ಚಿದ್ದ ದಿನಗಳಲ್ಲಿ ನಮ್ಮ ಶಾಲೆಗೆ ಕೋಚ್ ಆಗಿ ಬಂದ. ಕರೆತಂದವರು ಶಾಲೆಯ ಸೆಕ್ರೆಟರಿ ಸಾಹೇಬರು. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿಂದ ಮೇಲೆ ಬಂದವರು, ಕೆಟ್ಟ ಮನುಷ್ಯರಲ್ಲ, ಆದರೆ ಯಾವುದನ್ನು ಕಂಡರೂ ಅದಕ್ಕೊಂದು ಫ್ಲೆಕ್ಸ್ ಹಾಕಿಸಬೇಕು ಎನ್ನಿಸುವ ಸ್ವಭಾವ. ಆಫ್ರಿಕಾದ ಆಟಗಾರ ನಮ್ಮ ಶಾಲೆಯಲ್ಲಿದ್ದಾನೆ ಎಂದರೆ ಮುಂದಿನ ವರ್ಷದ ಅಡ್ಮಿಷನ್ ತಾನಾಗಿಯೇ ತುಂಬುತ್ತದೆ ಎಂಬುದು ಅವರ ಯೋಚನೆ. ಬಸ್‌ಸ್ಟ್ಯಾಂಡಿನ ಎದುರು ಎದ್ದ ಫ್ಲೆಕ್ಸಿನಲ್ಲಿ ಆತ ಹರೆಯದ ಹುಡುಗನಾಗಿ ಗಾಳಿಯಲ್ಲಿ ಹಾರಿ ಚೆಂಡು ಒದೆಯುತ್ತಿದ್ದ. ಅದರ ಕೆಳಗೇ ಆಟೋದಿಂದ ಇಳಿದ ಮನುಷ್ಯನಿಗೆ ಗಡ್ಡ ನೆರೆತಿತ್ತು, ಬಲಗಾಲು ಸ್ವಲ್ಪ ಎಳೆಯುತ್ತಿತ್ತು.

ನನಗೆ ಆತನ ಮೇಲೆ ಮೊದಲ ದಿನವೇ ಮೈ ಉರಿಯಿತು. ಅದಕ್ಕೆ ಕಾರಣ ಆತನಲ್ಲ, ನನ್ನ ಖೋಖೋ ಅಂಗಳ. ವರ್ಷಗಟ್ಟಲೆ ನೀರು ಹೊಡೆದು, ಕಲ್ಲು ಆರಿಸಿ ಹದ ಮಾಡಿದ ಅಂಗಳದ ಎರಡು ತುದಿಗೆ ಗೋಲಿನ ಕಂಬ ನೆಟ್ಟುಬಿಟ್ಟರು. ಊಟಕ್ಕೆ ಕುಂತವರ ನಡುವೆ ಬಂದು ಹಾಸಿಗೆ ಹಾಸಿದ ಹಾಗೆ. ನಾನು ಮುಖ ಗಂಟಿಕ್ಕಿ ನಿಂತಿದ್ದೆ. ಆತ ನೇರ ನನ್ನ ಹತ್ತಿರ ಬಂದು, ಖೋಖೋದಲ್ಲಿ ನಿಮ್ಮ ಜಾಣ ಹುಡುಗಿಯರು ಯಾರು, ನನಗೆ ಅವರನ್ನು ಕೊಡಿ ಎಂದ. ಅಂಗಳ ತೆಗೆದುಕೊಂಡದ್ದು ಸಾಲದೆ ಹುಡುಗಿಯರನ್ನೂ ಕೇಳುತ್ತಾನಲ್ಲ ಎಂದು ಸಿಟ್ಟು ಬಂತು. ಆದರೆ ಕೇಳಿದ್ದು ನನ್ನ ಹುಡುಗಿಯರನ್ನೇ ಅಲ್ಲವೇ ಎಂದು ಒಳಗೊಳಗೇ ಹಿಗ್ಗೂ ಆಯಿತು. ಕೊಟ್ಟೆ.

ಆತನ ಹಿಂದಿ ಕಲ್ಕತ್ತಾದಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದದ್ದು. ನಮ್ಮ ಊರಿನ ದಖನಿ ಉರ್ದುವಿಗೆ ಅದು ಚೆನ್ನಾಗಿ ಹೊಂದಿಕೊಂಡಿತು. ಆತನ ಮಾತುಗಳನ್ನು ನಾನಿಲ್ಲಿ ನಮ್ಮ ಕನ್ನಡಕ್ಕೇ ಇಳಿಸಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಆತ ಕಲಿತ ಮೊದಲ ಶಬ್ದ ‘ನಿಂದ್ರು’. ಕಾರಣ ನನ್ನ ಹುಡುಗಿಯರೇ. ಖೋಖೋದ ಮಕ್ಕಳು, ಬೆನ್ನಟ್ಟುವುದೊಂದೇ ಗೊತ್ತು. ಚೆಂಡು ಹೋದಲ್ಲಿಗೆ ಹನ್ನೊಂದು ಮಂದಿಯೂ ಹೋಗುತ್ತಿದ್ದರು, ಗೋಲು ಕಾಯಬೇಕಾದ ಗೋಲಿ ಸಮೇತ. ಆ ಗೋಲಿ ಹುಡುಗಿ ಕಂಗ್ಟಿ ಕಡೆಯವಳು, ನನ್ನ ತವರಿನ ಸೀಮೆಯವಳೇ, ಮೂಗಿನ ತುದಿಯಲ್ಲಿ ಸಿಟ್ಟು. ಆತ ಮೈದಾನದ ತುದಿಯಿಂದ “ನಿಂದ್ರು! ನಿಂದ್ರು!” ಎಂದು ಕೂಗಿದರೆ ಇವಳು “ನಿಂತ್ರ ಚೆಂಡು ತಾನೇ ಬರ್ತದೇನ್ರಿ ಸರ್?” ಎಂದು ಅಲ್ಲಿಂದಲೇ ಜಗಳಕ್ಕೆ ನಿಲ್ಲುತ್ತಿದ್ದಳು.

ಊರಿನವರು ಆತನನ್ನು ‘ಪ್ಲೇಯರ್ ಸಾಬ್’ ಎಂದು ಕರೆದರು. ಚಹಾದಂಗಡಿಯವನಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ ಪ್ಲೇಯರ್ ಸಾಬ್. ಹುಡುಗರು ಸೆಲ್ಫಿಗೆ ಮುತ್ತುತ್ತಿದ್ದರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ದೊಡ್ಡವನೇ ಆತನ ಕೂದಲು ಮುಟ್ಟಿ ನೋಡಲು ಕೈ ಚಾಚಿದ. ನಾನು ಕೊಡೆಯಿಂದ ಆ ಕೈಗೆ ಬಾರಿಸಿದೆ. “ನಿಮ್ಮ ಮನಿ ಎಮ್ಮಿ ಏನು, ಮೈ ಸವರಿ ನೋಡಾಕ?” ಎಂದು ಊರು ಕೇಳುವ ಹಾಗೆ ಬೈದೆ. ಆತನೇ ನನ್ನನ್ನು ಸಮಾಧಾನ ಮಾಡಬೇಕಾಯಿತು. “ಬಿಡ್ರಿ ಮೇಡಂ, ನನಗ ರೂಢಿ ಆಗ್ಯದ,” ಎಂದ. ರೂಢಿಯಾಗಿದೆ ಎಂದದ್ದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಎರಡನೆಯ ವರ್ಷ ಹುಡುಗಿಯರು ನಿಲ್ಲುವುದನ್ನು ಅರ್ಧ ಕಲಿತಿದ್ದರು. ಆ ವರ್ಷದ ಟೂರ್ನಮೆಂಟಿನಲ್ಲಿ ಸೆಮಿಫೈನಲ್ ನಾರಾಯಣಖೇಡದಲ್ಲಿ ನಡೆಯಿತು. ಗೆದ್ದೆವು. ಕಂಗ್ಟಿಯಿಂದ ನನ್ನ ಅಣ್ಣ ಜೋಳದ ರೊಟ್ಟಿ, ಪುಂಡಿಪಲ್ಯ, ದೊಡ್ಡ ಡಬ್ಬಿಯ ತುಂಬ ಅಂಬಲಿ ಹೊತ್ತು ಬಂದಿದ್ದ. ಹುಡುಗಿಯರು ಗೆದ್ದ ಗದ್ದಲದಲ್ಲಿದ್ದರೆ ಆತ ಮಾತ್ರ ಸುಮ್ಮನೆ ಕುಳಿತು ಹುಳಿ ಅಂಬಲಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಆತನ ಊರಿನಲ್ಲೂ ಹಿಟ್ಟನ್ನು ಹುಳಿ ಬರಿಸಿ ಬೇಯಿಸುತ್ತಾರಂತೆ. ಅಣ್ಣನಿಗೆ ಫುಟ್‌ಬಾಲ್ ಗೊತ್ತಿಲ್ಲ, ಆದರೆ ಉಂಡವರನ್ನು ಮಾತಾಡಿಸದೆ ಬಿಡುವವನಲ್ಲ. “ನೀವೂ ಆಡಬೇಕಿತ್ರಿ, ನೋಡ್ಲಕ್ಕಂತ ಎತ್ತು ಬಿಚ್ಚಿ ಬಂದಿದ್ದೆ,” ಎಂದ. ಆತ ನಕ್ಕು ಮೊಣಕಾಲನ್ನು ತಟ್ಟಿ ತೋರಿಸಿದ.

ವಾಪಸು ಬರುವ ಬಸ್ಸಿನಲ್ಲಿ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದರು. ಆಗ ಆತ ತನ್ನ ಕಥೆ ಹೇಳಿದ. ಕಡಲ ದಂಡೆಯ ಮೀನುಗಾರರ ಊರು. ಮರಳಿನಲ್ಲಿ ಬರಿಗಾಲಿನ ಆಟ. ಆಮೇಲೆ ರಾಜಧಾನಿಯ ಒಂದು ಕ್ಲಬ್ಬು, ಅಲ್ಲಿಂದ ಏಜೆಂಟನೊಬ್ಬ ಕಲ್ಕತ್ತಾಕ್ಕೆ ತಂದು ಬಿಟ್ಟ. ಅಲ್ಲಿ ಕೆಲವು ಒಳ್ಳೆಯ ವರ್ಷಗಳು, ಬೀದಿಯಲ್ಲಿ ಗುರುತು ಹಿಡಿದು ಮಿಠಾಯಿ ತಿನ್ನಿಸುತ್ತಿದ್ದರಂತೆ. ಆಮೇಲೆ ಗೋವಾ. ಆಮೇಲೆ ಕೇರಳದಲ್ಲಿ ಏಳೇಳು ಮಂದಿ ಆಡುವ ಸೆವೆನ್ಸ್ ಪಂದ್ಯಗಳು, ಒಂದೊಂದು ದಿನ ಒಂದೊಂದು ಊರಿಗಾಗಿ ಆಡುವುದು. ಕೊನೆಗೆ ಹೈದರಾಬಾದು. ಅಲ್ಲಿ ಮೊಣಕಾಲು ತಿರುಗಿತು. ಆಸ್ಪತ್ರೆಯಿಂದ ಬಂದು, ಗುಣವಾಯಿತು ಎಂದುಕೊಂಡು, ಶೂ ಚೀಲ ಹೆಗಲಿಗೆ ಹಾಕಿ ಮೈದಾನಕ್ಕೆ ಹೋದರೆ ಆತನ ಅಂಗಿಯನ್ನು ಬೇರೊಬ್ಬ ಹುಡುಗ ತೊಟ್ಟಿದ್ದ. ಯಾರೂ ಏನೂ ಹೇಳಲಿಲ್ಲವಂತೆ. ಆತನೂ ಕೇಳಲಿಲ್ಲ.

“ನಮ್ಮಂಥವ್ರಿಗೆ ಕಡೀ ಮ್ಯಾಚು ಅಂತ ಇರಂಗಿಲ್ರಿ ಮೇಡಂ,” ಎಂದ. “ಫೋನ್ ಬರೋದು ನಿಂದರ್ತದ, ಅಷ್ಟೇ. ಮುಗೀತು ಅಂತ ಯಾರೂ ಹೇಳಂಗಿಲ್ಲ.”

ಆಮೇಲೆ ಕೋಚಿಂಗಿನ ಪರೀಕ್ಷೆ ಕಟ್ಟಿ ಪಾಸಾದ. ಆದರೂ ಎಲ್ಲಿ ಹೋದರೂ ಜನ ಕೇಳುವುದು ಒಂದೇ: ಎಷ್ಟು ಗೋಲು ಹೊಡೆದಿದ್ದೀರಿ, ಒಮ್ಮೆ ಆಡಿ ತೋರಿಸಿ. ಗಟ್ಟಿ ನೆಲದ ಮೇಲೆ ಇನ್ನೊಮ್ಮೆ ಆಡಿದರೆ ಆ ಕಾಲು ಮತ್ತೆ ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. “ಆಡೋ ಆಸೆ ಹೋಗ್ಯದೇನು?” ಎಂದು ಕೇಳಿದೆ. ನನ್ನ ಬಾಯಿಗೆ ಯಾವಾಗಲೂ ಲಗಾಮಿಲ್ಲ. “ಹೋಗಿಲ್ರಿ,” ಎಂದ. “ಅದೇ ತ್ರಾಸು.”

ಫೈನಲ್ ತಾಂಡೂರಿನಲ್ಲಿ, ಅಲ್ಲಿಯ ಶಾಲೆಯ ಮೇಲೆಯೇ. ಸೆಕ್ರೆಟರಿ ಸಾಹೇಬರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಫೈನಲ್ ಮುಗಿದ ಮೇಲೆ ಅಲ್ಲೊಂದು ಶೋ ಮ್ಯಾಚು ಇಟ್ಟುಕೊಂಡಿದ್ದಾರೆ, ಅದರಲ್ಲಿ ಪ್ಲೇಯರ್ ಸಾಬ್ ಆಡುತ್ತಾರೆ ಎಂದು ಮಾತು ಕೊಟ್ಟು ಬಂದಿದ್ದರು. ತಾಂಡೂರಿನಲ್ಲಿ ಫ್ಲೆಕ್ಸೂ ಬಿದ್ದಾಗಿತ್ತು.

“ಇವ್ರು ಕೋಚ್ ಅದಾರ್ರಿ ಸಾಹೇಬ್ರ,” ಎಂದೆ.

“ಕೋಚ್ ಅಂದ್ರ ಗೆರಿ ಹೊರಗ ನಿಂದ್ರಾಂವ. ಗೆರಿ ಹೊರಗ ನಿಂತಾಂವನ್ನ ನೋಡ್ಲಕ್ಕ ಯಾರ್ ಬರ್ತಾರ? ಒಂದೀಟು ಒಳಗ ಓಡಾಡಿದ್ರ ಇವ್ರದೇನು ಸವೀತದ?”

“ಕಾಲು ಸವೀತದ್ರಿ. ಡಾಕ್ಟರು ಬ್ಯಾಡಂದಾರ.”

“ಡಾಕ್ಟರ್ ಮಂದಿ ಹಂಗೇ ಅಂತಾರ. ನನಗ ಸಕ್ಕರಿ ಬ್ಯಾಡಂದಾರ, ನಾ ಬಿಟ್ಟೀನೇನು?” ಎಂದು ಚಹಾ ಕಲಕಿದರು. ಆಮೇಲೆ ನನ್ನ ಕಡೆ ತಿರುಗಿ, “ಆಡಲ್ಲ ಅಂದ್ರ ಮುಂದಿನ ವರ್ಷ ಫುಟ್‌ಬಾಲೇ ಬ್ಯಾಡ. ಅಂಗಳ ನಿಮ್ಮ ಖೋಖೋಕ್ಕೇ ಇರ್ಲಿ ತಗೋರಿ,” ಎಂದರು.

ಆಡಿದರೆ ಕಾಲು ಹೋಗುತ್ತದೆ, ಆಡದಿದ್ದರೆ ಕೆಲಸ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ. ಈ ಕೆಲಸ ಹೋದರೆ ಇನ್ನೊಂದು ಊರಿನವರು ಆತನನ್ನು ಕೋಚ್ ಎಂದು ಕರೆಸಿಕೊಳ್ಳುವ ಭರವಸೆ ಇರಲಿಲ್ಲ. ನನ್ನ ಅಂಗಳ ನನಗೆ ವಾಪಸು ಬರುವ ಮಾತು ಕೇಳಿ ನನಗೆ ಕವಡೆಯಷ್ಟೂ ಖುಷಿಯಾಗಲಿಲ್ಲ. ಆತ ಸಾಹೇಬರಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ತಾಂಡೂರಿಗೆ ಹೊರಟ ದಿನ ಹೆಗಲಲ್ಲಿ ಶೂ ಚೀಲವಿತ್ತು. ಅದನ್ನು ಕಂಡು ನಾನು ಬಸ್ಸಿನಲ್ಲಿ ಆತನೊಂದಿಗೆ ಮಾತೇ ಆಡಲಿಲ್ಲ.

ತಾಂಡೂರು ಕಲ್ಲಿನ ಊರು. ಪರಸಿ ಕಲ್ಲು ಕೊಯ್ಯುವ ಯಂತ್ರಗಳ ಬಿಳಿ ಪುಡಿ ಗಿಡಗಳ ಮೇಲೆ, ಮೈದಾನದ ಮೇಲೆ, ಶಾಮಿಯಾನದ ಕುರ್ಚಿಗಳ ಮೇಲೆ. ನೆಲವಂತೂ ಬಂಡೆಯೇ. ನಾನು ಚಪ್ಪಲಿ ಕಾಲಿನಲ್ಲಿ ಕುಟ್ಟಿ ನೋಡಿ, ಈ ನೆಲದ ಮೇಲೆ ಆತ ಓಡುವುದನ್ನು ನೆನೆಸಿಕೊಂಡೆ. ಜನ ಮಾತ್ರ ಜಾತ್ರೆಯಷ್ಟು. ಅವರು ಬಂದದ್ದು ಹುಡುಗಿಯರ ಫೈನಲ್ ನೋಡಲಿಕ್ಕಲ್ಲ, ಫ್ಲೆಕ್ಸಿನಲ್ಲಿ ಹಾರುತ್ತಿದ್ದವನನ್ನು ನೋಡಲಿಕ್ಕೆ.

ಮೊದಲರ್ಧದಲ್ಲಿ ನಮ್ಮವರು ಒಂದು ಗೋಲು ತಿಂದರು. ಹೊಸ ಊರು, ದೊಡ್ಡ ಗದ್ದಲ. ಕಲಿತದ್ದೆಲ್ಲ ಮರೆತು ಮತ್ತೆ ಚೆಂಡಿನ ಬೆನ್ನು ಹತ್ತಿದ್ದರು. ತಾಂಡೂರಿನ ಹುಡುಗಿಯರೂ ಅಷ್ಟೇ, ಆದರೆ ಅವರು ಕೊಂಚ ಬಲಶಾಲಿಗಳು. ಇಪ್ಪತ್ತು ಮಂದಿ ಒಂದೇ ಮೂಲೆಯಲ್ಲಿ ಧೂಳೆಬ್ಬಿಸುತ್ತಿದ್ದರೆ ಉಳಿದ ಮೈದಾನ ಬಿಕೋ ಎನ್ನುತ್ತಿತ್ತು. ಆತ ಗೆರೆಯ ಹೊರಗೆ ನಿಂತು ಕೂಗಿದ್ದು ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. “ಹಾಫ್ ಟೈಮ್ ಆಗ್ಲಿ ಮೇಡಂ,” ಎಂದ ನನಗೆ. “ಕುಂದ್ರಿಸಿ ಹೇಳ್ತೀನಿ. ಒಂದೇ ಮಾತು ಸಾಕು.” ಬಹಳ ದಿನಗಳ ಮೇಲೆ ಆತನ ಮುಖದಲ್ಲಿ ಬೆಳಕು ಕಂಡೆ.

ಸೀಟಿ ಆಯಿತು. ಆತ ಹುಡುಗಿಯರ ಕಡೆ ಎರಡು ಹೆಜ್ಜೆ ಇಟ್ಟಿರಬೇಕು, ಇಬ್ಬರು ಕಾರ್ಯಕರ್ತರು ಬಂದು ಅಕ್ಕಪಕ್ಕ ತೋಳು ಹಿಡಿದರು. ಸನ್ಮಾನ! ಮುಖ್ಯ ಅತಿಥಿಗಳಿಗೆ ಬೇರೆ ಊರಿನಲ್ಲಿ ಇನ್ನೊಂದು ಕಾರ್ಯಕ್ರಮವಿದೆ, ಈಗಲೇ ಆಗಬೇಕು. ಆತ ಹುಡುಗಿಯರ ಕಡೆ ಕೈ ತೋರಿಸಿದ, ಆಮೇಲೆ ಬರುತ್ತೇನೆ ಎಂದ, ಬೇಡಿಕೊಂಡ. ಅವರು ಅದನ್ನು ಸಂಕೋಚ ಎಂದುಕೊಂಡರು. ನಮ್ಮಲ್ಲಿ ಸನ್ಮಾನಕ್ಕೆ ಕರೆದಾಗ ಒಲ್ಲೆ ಎನ್ನುವುದು ಮರ್ಯಾದೆ, ಎಳೆದೊಯ್ಯುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಹಾಫ್ ಟೈಮ್ ಎಂದರೆ ಖಾಲಿ ಸಮಯ ಎಂದು ತಿಳಿದವರಿಗೆ, ಕೋಚಿಗೆ ಇರುವುದು ಅದೊಂದೇ ಸಮಯ ಎಂದು ಯಾರು ಹೇಳಬೇಕು?

ನನ್ನನ್ನೂ ಕರೆದರು. ತಟ್ಟೆ ಹಿಡಿಯಲು.

ವೇದಿಕೆಯ ಮೇಲೆ ಆತನನ್ನು ದೊಡ್ಡ ಕುರ್ಚಿಯಲ್ಲಿ ಕೂಡಿಸಿ, ಶಾಲು ಹೊದಿಸಿ, ಗದ್ದಕ್ಕೆ ತಾಗುವಂಥ ಹಾರ ಹಾಕಿದರು. ಮುಖ್ಯ ಅತಿಥಿಗಳು ಆಟದಿಂದ ಆರೋಗ್ಯ, ಆರೋಗ್ಯದಿಂದ ದೇಶ ಎಂದು ಶುರು ಮಾಡಿದರು. ಮೈದಾನದ ಆಚೆ ತುದಿಯಲ್ಲಿ ನಮ್ಮ ಹುಡುಗಿಯರು ಗುಂಪಾಗಿ ಕುಳಿತು ಇತ್ತಲೇ ನೋಡುತ್ತಿದ್ದರು. ಗೋಲಿ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಳು. ತಾಯಿ ಬಾವಿಗೆ ಹೋಗಿ ಬರುವುದು ತಡವಾದರೆ ಮಕ್ಕಳು ಬಾಗಿಲಲ್ಲಿ ನಿಲ್ಲುವುದಿಲ್ಲವೇ, ಹಾಗೆ. ಆತ ಅವರನ್ನು ನೋಡುತ್ತಾ, ರೆಫರಿಯನ್ನು ನೋಡುತ್ತಾ, ಹಾರದೊಳಗೆ ಚಡಪಡಿಸುತ್ತಿದ್ದ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕುರ್ಚಿಯ ಕಾಲ ಬಳಿ ಶೂ ಚೀಲ.

ಕೊನೆಗೆ ಮೈಕಿನವನು, “ಈಗ ನಮ್ಮ ಪ್ಲೇಯರ್ ಸಾಬ್ ಎರಡು ಮಾತಾಡಬೇಕು, ಆಮೇಲೆ ಆಡಿ ತೋರಿಸಬೇಕು!” ಎಂದು ಘೋಷಿಸಿದ. ಶಿಳ್ಳೆಯೋ ಶಿಳ್ಳೆ. ಆತ ಎದ್ದು ಮೈಕು ಹಿಡಿದ. ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಆಮೇಲೆ ಮುಖ್ಯ ಅತಿಥಿಗಳಿಗೆ ಬೆನ್ನು ಮಾಡಿ ಮೈದಾನದ ಆಚೆ ತುದಿಗೆ ತಿರುಗಿದ.

“ಹುಡುಗ್ಯಾರ, ಕೇಳ್ರಿ. ಎಲ್ಲಾರೂ ಚೆಂಡಿನ ಹಿಂದ ಹೋಗ್ಲಕತ್ತೀರಿ. ಅವ್ರೂ ಹೋಗ್ಲಕತ್ತಾರ. ಬಲಗಡಿ ಮೈದಾನ ಪೂರಾ ಖಾಲಿ ಅದ. ಒಬ್ಬಾಕಿ ಅಲ್ಲಿ ನಿಂದ್ರು. ಚೆಂಡು ಬರಲಿಲ್ಲ ಅಂದ್ರೂ ನಿಂದ್ರು. ಬೇಜಾರಾದ್ರೂ ನಿಂದ್ರು. ಬರ್ತದ.”

ಜನ ತಬ್ಬಿಬ್ಬಾದರು. ಮೈಕಿನವನು ಮೈಕು ಕಸಿಯಲು ಮುಂದೆ ಬಂದ. ನಾನು ಹಣ್ಣಿನ ತಟ್ಟೆಯನ್ನು ಅವನ ಎದೆಗೆ ಅಡ್ಡ ಹಿಡಿದೆ. ಅವನು ಬಲಕ್ಕೆ ಸರಿದರೆ ತಟ್ಟೆಯೂ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಎರಡು ಮೋಸಂಬಿ ಉರುಳಿ ಮುಖ್ಯ ಅತಿಥಿಗಳ ಕಾಲ ಕೆಳಗೆ ಹೋದವು. “ಇನ್ನಾ ಮುಗಿದಿಲ್ರಿ ಅವ್ರ ಮಾತು,” ಎಂದೆ.

“ಇನ್ನೊಂದು ಮಾತು,” ಎಂದ ಆತ, ಈಗ ಜನರ ಕಡೆ ನೋಡಿ. “ನಾ ಇವತ್ತು ಆಡಂಗಿಲ್ಲ. ನಾ ಆಡೋದು ಮುಗದದ. ನನಗ ಯಾರೂ ಹೇಳಿರಲಿಲ್ಲ, ಅದಕ್ಕ ನಾನೇ ಹೇಳ್ಲಕತ್ತೀನಿ. ನಾ ಕೋಚ್ ಇದ್ದೀನಿ. ನನ್ನ ಹುಡುಗ್ಯಾರು ಆಡ್ತಾರ, ಅವ್ರನ್ನ ನೋಡ್ರಿ.”

ಶಿಳ್ಳೆ ನಿಂತಿತು. ಹಿಂದಿನಿಂದ ಯಾರೋ ಕೂಗಾಡಿದರು, ಕೆಲವರು ಎದ್ದು ಹೋದರು. ಸೆಕ್ರೆಟರಿ ಸಾಹೇಬರ ಮುಖ ಹುಣಸೆಹಣ್ಣಾಗಿತ್ತು. ನನಗೆ ಅಲ್ಲೇ, ತಟ್ಟೆ ಹಿಡಿದೇ, ಅಳು ಬಂತು. ತಡೆದುಕೊಳ್ಳಲಿಲ್ಲ.

ದ್ವಿತೀಯಾರ್ಧ ಶುರುವಾಯಿತು. ನಮ್ಮವಳೊಬ್ಬಳು ಬಲಗಡೆಯ ಖಾಲಿ ಬಯಲಿನಲ್ಲಿ ಒಬ್ಬಳೇ ಹೋಗಿ ನಿಂತಳು. ಕಾಲು ತಡೆಯುತ್ತಿಲ್ಲ, ನಿಂತಲ್ಲೇ ಕುಣಿಯುತ್ತಾಳೆ, ಆದರೂ ನಿಂತಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಂಪಿನಿಂದ ಚೆಂಡು ಹೇಗೋ ಸಿಡಿದು ಅವಳ ಮುಂದೆ ಬಂದು ಬಿತ್ತು. ಎದುರಿಗೆ ಅವರ ಗೋಲಿ ಬಿಟ್ಟರೆ ನರಪಿಳ್ಳೆ ಇಲ್ಲ. ಹೊಡೆದಳು. ಸಮ ಸಮ! ನಾನು ಪಕ್ಕದಲ್ಲಿದ್ದ ಅಪರಿಚಿತ ಹೆಂಗಸನ್ನು ಅಪ್ಪಿಕೊಂಡೆ. ಅವಳು ತಾಂಡೂರಿನವಳು ಎಂದು ಆಮೇಲೆ ತಿಳಿಯಿತು.

ಆದರೆ ಮೈಕು ನಮ್ಮೊಬ್ಬರಿಗೇ ಕೇಳಿಸಿತ್ತೇ? ತಾಂಡೂರಿನ ಕ್ಯಾಪ್ಟನ್ ಹುಡುಗಿಯೂ ಕೇಳಿಸಿಕೊಂಡಿದ್ದಳು. ಅವಳು ಹೋಗಿ ಇನ್ನೊಂದು ತುದಿಯಲ್ಲಿ, ನಮ್ಮವರು ಖಾಲಿ ಬಿಟ್ಟ ಕಡೆ, ಒಬ್ಬಳೇ ನಿಂತಳು. ಕಂಬ ನೆಟ್ಟ ಹಾಗೆ ನಿಂತಳು. ನಮ್ಮವಳಿಗಿಂತ ಚೆನ್ನಾಗಿ ನಿಂತಳು. ಕೊನೆಯ ಸೀಟಿಗೆ ಸ್ವಲ್ಪ ಮುಂಚೆ ಚೆಂಡು ಅವಳಿಗೂ ಬಂತು. ನಮ್ಮ ಗೋಲಿ ಹಾರಿದಳು, ಬೆರಳ ತುದಿಗೆ ತಾಗಿಸಿಕೊಂಡಳು, ತಡೆಯಲಾಗಲಿಲ್ಲ. ಸೋತೆವು.

ಸೆಕ್ರೆಟರಿ ಸಾಹೇಬರು ನೆರೆದವರೆದುರೇ ಎಗರಾಡಿದರು. ಶೋ ಮ್ಯಾಚೂ ಹೋಯಿತು, ಕಪ್ಪೂ ಹೋಯಿತು, ಎದುರಾಳಿಗೆ ಮೈಕು ಹಿಡಿದು ಪಾಠ ಹೇಳಿಕೊಡುವ ಕೋಚನ್ನು ಯಾವ ಊರಿನಲ್ಲಾದರೂ ಕಂಡಿದ್ದೀರಾ ಎಂದರು. ಆತ ತಲೆ ತಗ್ಗಿಸಿ ಕೇಳಿಸಿಕೊಂಡ. ಅಷ್ಟರಲ್ಲಿ ತಾಂಡೂರಿನ ಕ್ಯಾಪ್ಟನ್ ಕಪ್ಪನ್ನು ಸೊಂಟದ ಮೇಲಿಟ್ಟುಕೊಂಡು ಓಡಿ ಬಂದಳು. “ಸರ್, ನೀವ್ ಹೇಳ್ದಂಗೇ ನಿಂತಿದ್ದೆ, ನೋಡಿದ್ರಿಲ್ಲ?” ಎಂದಳು. ಅವಳ ಹಿಂದೆಯೇ ಅವರ ಶಾಲೆಯ ಹಿರಿಯರು ಬಂದು ಸಾಹೇಬರಿಗೆ ಕೈ ಮುಗಿದರು.

“ನಿಮಗ ಇವ್ರು ಸೇರಂಗಿಲ್ಲ ಅಂತ ಕಾಣ್ತದ. ನಮಗ ಕೊಟ್ಟುಬಿಡ್ರಿ. ನಮ್ಮ ಹುಡುಗ್ಯಾರು ಒಂದು ಮಾತಿಗೇ ಗೆದ್ದಾರ, ವರ್ಷ ಪೂರಾ ಹೇಳಿಕೊಟ್ರ ಎಲ್ಲಿಗಿ ಹೋಗ್ತಾರೋ!”

ನೆರೆಮನೆಯವರು ಕೇಳಿದ ಮೇಲೆಯೇ ನಮ್ಮ ಮನೆಯ ಹಿತ್ತಾಳೆಯೂ ಬಂಗಾರವಾಗುವುದು. “ಯಾರಂದಾರ ಸೇರಂಗಿಲ್ಲಂತ?” ಎಂದು ಸಾಹೇಬರು ಗುಡುಗಿದರು. “ಕೊಡಂಗಿಲ್ರಿ. ಮುಂದಿನ ವರ್ಷ ನಮ್ಮಲ್ಲೇ ಇರ್ತಾರ. ಬರ್ರಿ ಆಗ, ತೋರಿಸ್ತೀವಿ.” ನಾನು ಅದನ್ನು ಆತನಿಗೆ ಹಿಂದಿಯಲ್ಲಿ ಹೇಳಿದೆ. ಆತ ಇನ್ನೊಮ್ಮೆ ಹೇಳಿ ಎಂದ. ಇನ್ನೊಮ್ಮೆ ಹೇಳಿದೆ.

ಆಮೇಲೆ ಆತ ಇನ್ನೂ ಕೊರಳಲ್ಲೇ ಇದ್ದ ಹಾರ ತೆಗೆದು ನನ್ನ ಕೈಗೆ ಕೊಟ್ಟು, ಕಾಲೆಳೆಯುತ್ತಾ ನಮ್ಮ ಹುಡುಗಿಯರ ಹತ್ತಿರ ಹೋದ. ಅವರು ಅತ್ತು ಅತ್ತು ಮುಖ ಊದಿಸಿಕೊಂಡಿದ್ದರು. ಗೋಲಿ ಬೆನ್ನು ತಿರುಗಿಸಿ ಕುಳಿತಿದ್ದಳು. “ಅವ್ರಿಗೆ ಯಾಕ ಹೇಳಿಕೊಟ್ರಿ ಸರ್?” ಎಂದು ತಿರುಗದೆಯೇ ಕೇಳಿದಳು.

“ನಾ ನಿಮಗೇ ಹೇಳಿದ್ದು,” ಎಂದ ಆತ. “ಅವ್ರೂ ಛಲೋ ಕೇಳಿಸ್ಕೊಂಡಾರ. ಕುಂದ್ರಿ, ಹಾಫ್ ಟೈಮಿನಾಗ ಹೇಳೋದು ಇನ್ನಾ ಬಾಕಿ ಅದ.”

ಪಂದ್ಯ ಮುಗಿದಿತ್ತು, ಶಾಮಿಯಾನ ಬಿಚ್ಚುತ್ತಿದ್ದರು. ಆತ ನೆಲದ ಮೇಲೆ ಕುಳಿತು, ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿ, ಕಲ್ಲುಪುಡಿಯಲ್ಲಿ ಬೆರಳಿನಿಂದ ಮೈದಾನ ಬರೆದು ಹೇಳತೊಡಗಿದ. ಯಾರು ಎಲ್ಲಿ ನಿಲ್ಲಬೇಕಿತ್ತು, ಯಾರು ಯಾರನ್ನು ನೋಡಬೇಕಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಸ್ವಲ್ಪ ಹೊತ್ತಿಗೆ ತಾಂಡೂರಿನ ಹುಡುಗಿಯರೂ ಕಪ್ಪಿನ ಸಮೇತ ಬಂದು ಸದ್ದಿಲ್ಲದೆ ಹಿಂದೆ ಕುಳಿತರು.

ಅದನ್ನು ಮೊದಲು ಕಂಡವಳು ಗೋಲಿ. ದಡಕ್ಕನೆ ಎದ್ದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಏ, ನೀವ್ಯಾಕ ಕುಂತ್ರಿಲ್ಲಿ? ಏಳ್ರಿ, ಏಳ್ರಿ. ಇವ್ರು ನಮ್ಮ ಕೋಚ್.”

ಆತನ ಬೆರಳು ಪುಡಿಯಲ್ಲಿ ಅಲ್ಲೇ ನಿಂತಿತು. ಅವಳು ಹೇಳಿದ್ದನ್ನು ಹಿಂದಿಗೆ ಇಳಿಸಲು ನಾನು ಬಾಯಿ ತೆರೆದೆ. ಆತ ಬೇಡವೆಂದು ಕೈ ಮಾಡಿದ.